ಬೂದಿಗೆರೆಯ ಆಚೆ ಮೂರು ಹೆಜ್ಜೆ

ಒಬ್ಬ ಮನುಷ್ಯ ಮೂರು ಹೆಜ್ಜೆ ಹಿಂದೆ ಸರಿದನೇ ಇಲ್ಲವೇ ಎಂಬ ಪ್ರಶ್ನೆ ನನಗೆ ಇಪ್ಪತ್ತೆರಡನೇ ವಯಸ್ಸಿನಲ್ಲಿ ಬೆನ್ನು ಹತ್ತಿತು. ಆ ಮನುಷ್ಯ ನನ್ನ ಸೋದರಮಾವ. ಸರಿದ ಎಂದು ನಾನು ಕೋರ್ಟಿನಲ್ಲಿ ಪ್ರಮಾಣ ಮಾಡಿ ಹೇಳಿದೆ. ಸರಿದಿಲ್ಲ ಎಂದು ಅದೇ ಕೋರ್ಟಿನಲ್ಲಿ ಅವನು ಹೇಳಿದ. ನ್ಯಾಯಾಧೀಶರು ನನ್ನನ್ನು ನಂಬಿದರು. ಅವನು ಜೈಲಿಗೆ ಹೋದ.

ಅದು ಅರವತ್ತರ ದಶಕದ ಮೊದಲ ವರ್ಷಗಳಲ್ಲಿ. ಇಂಥದೇ ವರ್ಷ ಎಂದು ಹೇಳಬಲ್ಲೆ. ಆದರೆ ಹಾಗೆ ಹೇಳಿದರೆ ಉಳಿದದ್ದೆಲ್ಲ ಅಷ್ಟೇ ಖಚಿತ ಎಂದು ಓದುವವರು ನಂಬಿಬಿಡುತ್ತಾರೆ. ಈಗಿನ ವಿಜಯಪುರವನ್ನು ಆಗ ವಿಜಾಪುರ ಎನ್ನುತ್ತಿದ್ದೆವು. ನಮ್ಮ ಮನೆ ಅಲ್ಲಿ, ಸೊಲ್ಲಾಪುರ ರಸ್ತೆಯ ಹಿಂದಿನ ಓಣಿಯಲ್ಲಿತ್ತು. ನಾನು ಧಾರವಾಡದಲ್ಲಿ ಕಾನೂನು ಓದುತ್ತಿದ್ದೆ. ಮಾವನ ಮನೆ ಬಬಲೇಶ್ವರದಲ್ಲಿ, ಹೊಲ ಅಲ್ಲಿಂದ ತಿಕೋಟದ ಕಡೆ ಹೋಗುವ ಬಂಡಿದಾರಿಯ ಪಕ್ಕದಲ್ಲಿ. ಸುಗ್ಗಿಯಲ್ಲಿ ನಾಲ್ಕು ದಿನ ಅಲ್ಲಿಗೆ ಹೋಗಿ ಸೀತನಿ, ಅಂದರೆ ಸುಟ್ಟ ಎಳೆ ಜೋಳ, ತಿಂದು, ಬೇವಿನ ಗಿಡದ ಕೆಳಗೆ ಪುಸ್ತಕ ಬಿಚ್ಚಿಕೊಂಡು ಕೂರುವುದು ನನ್ನ ರೂಢಿ. ಅವತ್ತು ತೊಡೆಯ ಮೇಲಿದ್ದ ಪುಸ್ತಕ ದಂಡ ಸಂಹಿತೆ ಎಂದು ನನಗೆ ನೆನಪಿದೆ. ಅದು ಇಷ್ಟು ಚೆನ್ನಾಗಿ ಹೊಂದುತ್ತದೆ ಎಂಬ ಕಾರಣಕ್ಕೇ ಅದನ್ನು ನಾನು ನಂಬುವುದಿಲ್ಲ. ಪತ್ತೇದಾರಿ ಕಾದಂಬರಿಯೂ ಇದ್ದಿರಬಹುದು.

ಆ ಭಾಗದಲ್ಲಿ ರಾಶಿ ಅಳೆಯುವುದಕ್ಕೆ ಒಂದು ಕ್ರಮವಿತ್ತು. ತೆನೆ ತುಳಿಸಿ, ತೂರಿ, ಕಾಳನ್ನು ಕಣದ ನಡುವೆ ಗುಡ್ಡೆ ಹಾಕುತ್ತಾರೆ. ಸುತ್ತಲೂ ಬೂದಿಯಿಂದ ಗೆರೆ ಎಳೆಯುತ್ತಾರೆ. ಪೂಜೆ ಮಾಡುತ್ತಾರೆ. ಆಮೇಲೆ ಮನೆಯ ಯಜಮಾನ ಚಪ್ಪಲಿ ಬಿಟ್ಟು ಗೆರೆಯೊಳಗೆ ಹೋಗಿ ಕೊಳಗ ಹಿಡಿದು ಕೂರುತ್ತಾನೆ. ಮೊದಲನೆಯ ಕೊಳಗಕ್ಕೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಆಮೇಲೆ ಎರಡು, ಮೂರು. ಕೊನೆಯ ಕೊಳಗ ಮುಗಿಯುವವರೆಗೆ ಅವನ ಬಾಯಲ್ಲಿ ಆ ಎಣಿಕೆಯ ಹೊರತು ಬೇರೆ ಮಾತು ಬರಬಾರದು, ಅವನ ಕಾಲು ಗೆರೆ ದಾಟಬಾರದು. ದಾಟಿದರೆ ರಾಶಿಯ ಹುಲುಸು ಹೋಗುತ್ತದೆ. ಹುಲುಸು ಎಂದರೆ ಕಾಳು ಮನೆಯಲ್ಲಿ ಬಾಳುವ ಗುಣ. ಅದು ಹೋದ ಕಾಳು ಎಷ್ಟಿದ್ದರೂ ಸಾಲುವುದಿಲ್ಲ, ಬಿತ್ತಿದರೆ ಹುಟ್ಟುವುದಿಲ್ಲ ಎಂಬ ನಂಬಿಕೆ. ನಾನು ಇದನ್ನು ನಂಬುತ್ತಿರಲಿಲ್ಲ. ಎರಡು ವರ್ಷ ತತ್ತ್ವಶಾಸ್ತ್ರ ಓದಿ ಕಾನೂನಿಗೆ ಬಂದವನು. ನಂಬದಿರುವುದನ್ನು ಆಗ ಒಂದು ಕೆಲಸ ಎಂದುಕೊಂಡಿದ್ದೆ.

ಮಾವನ ಹೊಲಕ್ಕೆ ಹೊಂದಿಕೊಂಡು ಅವನ ದಾಯಾದಿಯ ಹೊಲವಿತ್ತು. ಇಬ್ಬರ ಅಜ್ಜಂದಿರು ಅಣ್ಣತಮ್ಮಂದಿರು. ನಡುವಿನ ಒಡ್ಡು ಹಿಂದಿನ ಮಳೆಗಾಲದಲ್ಲಿ ಒಡೆದಿತ್ತು. ಮಾವ ಅದನ್ನು ಮತ್ತೆ ಕಟ್ಟುವಾಗ ತನ್ನ ಕಡೆ ಎರಡು ಸಾಲು ಹೆಚ್ಚು ಸೇರಿಸಿಕೊಂಡ ಎಂದು ದಾಯಾದಿಯ ದೂರು. ಒಡ್ಡು ಇದ್ದಲ್ಲೇ ಇದೆ ಎಂದು ಮಾವ. ಇಬ್ಬರೂ ಹೋದ ಹಬ್ಬದವರೆಗೆ ಒಬ್ಬರ ಮನೆಯಲ್ಲಿ ಒಬ್ಬರು ಉಂಡವರು.

ಅವತ್ತು ಮಧ್ಯಾಹ್ನ ಮಾವ ಅಳೆಯಲು ಕೂತ. ಆಳು ಬಂಡಿ ಹೂಡಿಕೊಂಡು ಇನ್ನಷ್ಟು ಖಾಲಿ ಚೀಲ ತರಲು ಹೋಗಿದ್ದ. ಅತ್ತೆ ಬುತ್ತಿ ತರಲು ಊರಿಗೆ ಹೋಗಿದ್ದಳು. ಕಣದ ಹತ್ತಿರ ಇದ್ದವನು ನಾನೊಬ್ಬನೇ. ದಾಯಾದಿ ಒಡ್ಡಿನ ಮೇಲಿಂದ ಬಂದ. ಕೈಯಲ್ಲಿ ಬಡಿಗೆ, ಕಾಲಲ್ಲಿ ಜೋಡು.

"ಏನೋ ತಮ್ಮಾ, ನನ್ನ ಎರಡ ಸಾಲಿನ ಜ್ವಾಳಾ ಬ್ಯಾರೆ ಅಳಿತೀಯೋ, ಕೂಡಿಸೇ ಅಳಿತೀಯೋ?" ಎಂದ.

ಮಾವ "ಆರು" ಎಂದು ಕೊಳಗ ಸುರಿದ.

"ಬಾಯಾಗ ಏನ ಇಟ್ಕೊಂಡಿ? ಬ್ಯಾರೆ ದಿನಾ ಪಂಚರ ಮುಂದ ಗಂಟಲಾ ಹರಕೊಂತಿದ್ದಿ."

"ಏಳು."

"ನಿನಗ ಹೇಳಾಕತ್ತೇನಿ ಲೇ!"

"ಎಂಟು."

ದಾಯಾದಿ ಗೆರೆ ತುಳಿದು ಒಳಗೆ ಬಂದ. ಜೋಡಿನ ಕಾಲು ಕಾಳಿನ ಅಂಚಿಗೆ ತಾಗಿತು. ಬಡಿಗೆ ಎತ್ತಿ ಮಾವನ ಭುಜಕ್ಕೆ ಒಂದೇಟು ಹಾಕಿದ. ಮಾವ ಎದ್ದ. ಈಗ ಬರುವುದು ಆ ಮೂರು ಹೆಜ್ಜೆ. ನನ್ನ ನೆನಪಿನಲ್ಲಿ ಮಾವ ಎದ್ದವನೇ ಹಿಂದಕ್ಕೆ ಸರಿದ, ಒಂದು, ಎರಡು, ಮೂರು. ಮೂರನೆಯ ಹೆಜ್ಜೆಗೆ ಗೆರೆಯ ಆಚೆ ಹೋದ. ಅಲ್ಲಿ ತೆನೆ ಹರವುವ ಕವಲುಕೋಲು ಬಿದ್ದಿತ್ತು. ಅದನ್ನು ಎತ್ತಿಕೊಂಡು ಮತ್ತೆ ಒಳಗೆ ಬಂದು ಹೊಡೆದ. ಮೊದಲ ಏಟಿಗೆ ದಾಯಾದಿಯ ಕೈಯಿಂದ ಬಡಿಗೆ ಹಾರಿತು. ಎರಡನೆಯ ಏಟು ಅದೇ ಕೈಗೆ ಬಿತ್ತು. ಮೂಳೆ ಮುರಿದ ಸಪ್ಪಳ ನನಗೆ ಕೇಳಿಸಿತು. ಮಾವ ಒಂದು ಮಾತೂ ಆಡಲಿಲ್ಲ, ಕೂಗಲಿಲ್ಲ, ಬೈಯಲಿಲ್ಲ.

ಆಮೇಲೆ ಮಾವ ಕೋಲು ಎಸೆದು, ಮತ್ತೆ ಕೂತು, "ಒಂಬತ್ತು" ಎಂದು ಅಳೆಯತೊಡಗಿದ. ಆ ಚಿತ್ರ ಇವತ್ತಿಗೂ ನನ್ನ ಕಣ್ಣ ಮುಂದಿದೆ: ಬಗ್ಗಿದ ಬೆನ್ನು, ಭುಜದ ಮೇಲೆ ಊದಿದ ಬಾಸುಂಡೆ, ಕೊಳಗದಿಂದ ಚೀಲಕ್ಕೆ ಇಳಿಯುವ ಬಿಳಿ ಜೋಳ, ಇಪ್ಪತ್ತು, ಮೂವತ್ತು, ನಲವತ್ತು.

ಆದರೆ ಅದನ್ನು ನಾನು ನೋಡಿರಲು ಸಾಧ್ಯವಿಲ್ಲ. ಏಟು ಬಿದ್ದ ಕೂಡಲೇ ಆಳು ಬಂಡಿ ತಂದ. ನಾನು ಗಾಯಗೊಂಡವನನ್ನು ಹತ್ತಿಸಿಕೊಂಡು ಅದೇ ಬಂಡಿಯಲ್ಲಿ ತಿಕೋಟದ ದವಾಖಾನೆಗೆ ಹೋದೆ. ಅದನ್ನು ಆಳೂ ಹೇಳಿದ್ದಾನೆ, ದಾಯಾದಿಯೂ ಹೇಳಿದ್ದಾನೆ. ಮಾವ ಅಳತೆ ಮುಗಿಸಿದ್ದನ್ನು ನನಗೆ ಅತ್ತೆ ಹೇಳಿದ್ದು, ಮರುದಿನ. ಅವಳ ಮಾತು ನನ್ನ ತಲೆಯಲ್ಲಿ ಚಿತ್ರವಾಗಿ ಕೂತಿದೆ, ಬಾಸುಂಡೆಯ ಸಮೇತ. ಇದು ನನಗೆ ಗೊತ್ತಾದದ್ದು ವಿಚಾರಣೆ ಮುಗಿದು ಬಹಳ ದಿನಗಳಾದ ಮೇಲೆ. ಕಾಣದ್ದು ಇಷ್ಟು ಸ್ಪಷ್ಟವಾಗಿ ಕಾಣುತ್ತದೆ ಎಂದಾದರೆ, ಕಂಡದ್ದೆಂದು ಹೇಳಿದ ಆ ಮೂರು ಹೆಜ್ಜೆಗಳ ಗತಿ ಏನು?

ಬಂಡಿಯಲ್ಲಿ ದಾಯಾದಿ ನನ್ನ ಧೋತರದ ಚುಂಗಿನಿಂದ ಕಟ್ಟಿದ ಕೈಯನ್ನು ಎದೆಗೆ ಒತ್ತಿಕೊಂಡು ನರಳುತ್ತಿದ್ದ. ನಡುವೆ ಒಮ್ಮೆ ನನ್ನ ಕಡೆ ತಿರುಗಿ, "ನಿಮ್ಮ ಮಾಮಾ ಒಂದ ಬೈಗಳಾ ಬೈದಿದ್ರ ನಾ ಹೊಳ್ಳಿ ಹೋಗ್ತಿದ್ನೋ. ಸುಮ್ನ ಎಣಸಾಕ ಹತ್ತಿದಾ. ನಾಯಿ ಬೊಗಳಿದಾಂಗ ನಾ ಬೊಗಳಿದ್ನಿ, ಅಂವ ಎಣಿಸಿದಾ" ಎಂದ.

"ಅಳಿಯೂವಾಗ ಮಾತಾಡಬಾರದಂತ ನಿಮಗ ಗೊತ್ತಿದ್ದಿಲ್ಲೇನು?" ಎಂದೆ.

"ಗೊತ್ತಿತ್ತು. ಅದಕ್ಕ ಹೋಗಿದ್ನಿ" ಎಂದ. "ಬ್ಯಾರೆ ದಿನಾ ಅವನ ಬಾಯಿಗೆ ಯಾರ ನಿಂದರತಾರ?"

ಈ ಮಾತು ನನಗೆ ಬಹಳ ಹಿಡಿಸಿತ್ತು. ಅದನ್ನು ಕೋರ್ಟಿನಲ್ಲಿ ಹೇಳಬೇಕೆಂದುಕೊಂಡಿದ್ದೆ. ಯಾರೂ ಕೇಳಲಿಲ್ಲ.

ಮಾವನನ್ನು ಪೊಲೀಸರು ಸಂಜೆ ಕರೆದೊಯ್ದು ಹೇಳಿಕೆ ಬರೆದುಕೊಂಡರು. ಹೊಡೆದದ್ದನ್ನು ಅವನು ಒಪ್ಪಿದ. ಯಾಕೆ ಓಡಿಹೋಗಲಿಲ್ಲ, ಯಾಕೆ ಕೂಗಲಿಲ್ಲ ಎಂದು ಕೇಳಿದರಂತೆ. "ನಾ ನಿಂತಲ್ಲಿಂದ ಒಂದ ಹೆಜ್ಜಿ ಹಿಂದ ಸರಿದಿಲ್ರಿ. ಗೆರಿ ದಾಟಿಲ್ರಿ. ಬೇಕಾದ್ರ ಬರಕೋರ್ರಿ" ಎಂದನಂತೆ. ಅವರು ಬರೆದುಕೊಂಡರು. ಕೋಲು ಎಲ್ಲಿತ್ತು ಎಂದು ಕೇಳಿದ್ದಕ್ಕೆ ಕೈಗೆ ಸಿಕ್ಕಲ್ಲಿತ್ತು ಎಂದನಂತೆ. ಎರಡು ದಿನಕ್ಕೆ ಜಾಮೀನಿನ ಮೇಲೆ ಬಿಟ್ಟರು.

ಆ ಹೇಳಿಕೆಯನ್ನು ಕೇಳಿ ನನಗೆ ಗಾಬರಿಯಾಯಿತು. ನಮ್ಮ ಕಾಲೇಜಿನ ಪ್ರಾಧ್ಯಾಪಕರೊಬ್ಬರು ಆತ್ಮರಕ್ಷಣೆಯ ಹಕ್ಕನ್ನು ಬಹಳ ಸೊಗಸಾಗಿ ಪಾಠ ಮಾಡುತ್ತಿದ್ದರು. ಇಂಗ್ಲೆಂಡಿನ ಹಳೆಯ ನಿಯಮವನ್ನು ಹೇಳುವಾಗ ಅವರು ವೇದಿಕೆಯ ಮೇಲೆ ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತ, ಬೆನ್ನು ಕಪ್ಪುಹಲಗೆಗೆ ತಾಗಿದ ಮೇಲೆ ಕೈಯೆತ್ತಿ, "ಈಗ ಹೊಡೆಯಬಹುದು" ಎನ್ನುತ್ತಿದ್ದರು. ನಾವು ನಗುತ್ತಿದ್ದೆವು. ಅವರ ಕೋಟಿನ ಬೆನ್ನಿಗೆ ಸೀಮೆಸುಣ್ಣ ಹತ್ತುತ್ತಿತ್ತು. ಸರಿಯಲು ಜಾಗವಿದ್ದರೆ ಮೊದಲು ಸರಿಯಬೇಕು, ಜಾಗ ಮುಗಿದ ಮೇಲೆ ಹೊಡೆಯಬೇಕು. ನಮ್ಮ ದೇಶದ ಸಂಹಿತೆಯಲ್ಲಿ ಈ ಮಾತು ಇಲ್ಲ ಎಂದೂ ಅವರು ಹೇಳಿರಬೇಕು. ಆ ಅರ್ಧ ನನ್ನ ತಲೆಯಲ್ಲಿ ಉಳಿದಿರಲಿಲ್ಲ. ಉಳಿದದ್ದು ಸೀಮೆಸುಣ್ಣ.

ಹೀಗಾಗಿ ಮಾವ ಹಿಂದೆ ಸರಿದನೆಂಬ ಒಂದೇ ಸಂಗತಿ ಅವನನ್ನು ಉಳಿಸುತ್ತದೆ ಎಂದು ನಾನು ನಿರ್ಧರಿಸಿದೆ. ಅವನು ಸರಿದಿದ್ದಾನೆ, ನಾನು ನೋಡಿದ್ದೇನೆ, ಅವನು ಒಪ್ಪುತ್ತಿಲ್ಲ ಅಷ್ಟೆ. ಬೇಸಿಗೆಯ ರಜೆಯಲ್ಲಿ ಬಬಲೇಶ್ವರಕ್ಕೆ ಹೋಗಿ ಅವನ ಮುಂದೆ ಕೂತೆ. ಅವನು ಪಡಸಾಲೆಯಲ್ಲಿ ಹಗ್ಗ ಹೊಸೆಯುತ್ತಿದ್ದ. ಅತ್ತೆ ಒಳಗೆ ರೊಟ್ಟಿ ಬಡಿಯುತ್ತಿದ್ದಳು.

"ಮಾಮಾ, ನೀ ಹಿಂದ ಸರದದ್ದ ನಾ ನೋಡೇನಿ. ಕೋರ್ಟಿನ್ಯಾಗ ಅಷ್ಟ ಹೇಳಿಬಿಡು. ಕೇಸ ಹಗರಾಗತೈತಿ" ಎಂದೆ.

"ಸರದಿಲ್ಲ."

"ಮೂರ ಹೆಜ್ಜಿ ಸರದಿ."

"ನಿನಗ ಬಿಸಲ ಬಡದಿತ್ತು."

ಒಳಗೆ ರೊಟ್ಟಿಯ ಸಪ್ಪಳ ನಿಂತಿತು. ಅತ್ತೆ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದಳು. "ಗೆರಿ ದಾಟಿದ್ರೇನು?" ಎಂದಳು. ಅವಳ ದನಿ ಮೆಲ್ಲಗಿತ್ತು.

"ಇಲ್ಲಂದ್ನೆಲ್ಲಾ! ಇಂವ ಸಾಲಿ ಕಲತಾಂವ, ಹಿಂಗ ಮಾತಾಡತಾನ" ಎಂದು ಮಾವ ಹಗ್ಗ ಬಿಟ್ಟ. ಆಮೇಲೆ ನನ್ನ ಕಡೆ ತಿರುಗಿ, "ಲೇ ಅಳಿಯಾ, ಜೈಲಿಗೆ ಹೋದ್ರ ನಾ ಒಬ್ಬಾಂವ ಹೋಗತೇನಿ. ಗೆರಿ ದಾಟೇನಿ ಅಂದ್ರ ಹಗೇದಾಗಿನ ಕಾಳೆಲ್ಲಾ ಹೋಗತೈತಿ. ಸಾಲ್ಯಾಗ ಅದನ್ನ ಕಲಸಿಲ್ಲೇನು?" ಎಂದ.

ಹಗೇವು ಎಂದರೆ ಕಾಳು ಹಾಕಿಡುವ ನೆಲದೊಳಗಿನ ಕಣಜ. ಆ ವರ್ಷದ ರಾಶಿಯೆಲ್ಲ ಅದರಲ್ಲಿತ್ತು. ಮುಂದಿನ ಹಿಂಗಾರಿಗೆ ಬಿತ್ತುವ ಬೀಜವೂ ಅದರಲ್ಲಿಯೇ.

ಮಾವನ ವಕೀಲರ ಕಚೇರಿ ಗಾಂಧಿ ಚೌಕದಲ್ಲಿ, ಒಂದು ಬಟ್ಟೆ ಅಂಗಡಿಯ ಮಾಳಿಗೆಯ ಮೇಲೆ. ವಯಸ್ಸಾದವರು. ಎಲೆ ಅಡಿಕೆ ಹಾಕಿಕೊಂಡು, ಕಿಟಕಿಯಿಂದ ಕೆಳಗಿನ ಜನರನ್ನು ನೋಡುತ್ತ ಕಕ್ಷಿದಾರರ ಮಾತು ಕೇಳುತ್ತಿದ್ದರು. ಪೊಲೀಸರು ನನ್ನನ್ನು ಆರೋಪಿಯ ಅಳಿಯನೆಂದು ಸಾಕ್ಷಿಪಟ್ಟಿಯಿಂದ ಬಿಟ್ಟಿದ್ದರು. ವಕೀಲರು ನಮ್ಮ ಕಡೆಯ ಸಾಕ್ಷಿಯಾಗಿ ಕರೆಸಲು ಒಪ್ಪಿದ್ದರು. ನಾನು ಅವರಿಗೆ ಬೆನ್ನು ಗೋಡೆಗೆ ತಾಗುವವರೆಗೆ ಸರಿಯಬೇಕೆಂಬ ಇಂಗ್ಲೆಂಡಿನ ನಿಯಮ ಹೇಳಿದೆ.

"ನಮ್ಮ ಕಾಯ್ದೆದಾಗ ಹೊಲದಾಂವ ತನ್ನ ಕಣಾ ಬಿಟ್ಟ ಓಡಿಹೋಗಬೇಕಂತ ಎಲ್ಲಿ ಬರದೈತಿ, ತೋರಸಪಾ" ಎಂದರು.

ನಾನು ತೋರಿಸಲಾರದೆ, ಅದು ಒಳಗಿನ ತತ್ತ್ವ ಎಂದೆ.

"ತತ್ತ್ವಾ ಮಠದಾಗ ಇರತೈತಿ. ಇಲ್ಲಿ ನೋಡೂದು ಎರಡ ಮಾತು. ಪೊಲೀಸರನ್ನ ಕರಿಯಾಕ ಹೊತ್ತ ಇತ್ತೋ ಇಲ್ಲೋ. ಬೇಕಾದ್ದಕ್ಕಿಂತ ಹೆಚ್ಚ ಹೊಡದಾನೋ ಇಲ್ಲೋ. ಹೊತ್ತಂತೂ ಇದ್ದಿದ್ದಿಲ್ಲ. ಎರಡನೇ ಏಟಿನ ಮಾತು ನಾ ನೋಡಕೋತೇನಿ." ಅವರು ಕಿಟಕಿಯಿಂದ ಮುಖ ತಿರುಗಿಸಿ ನನ್ನನ್ನು ನೇರವಾಗಿ ನೋಡಿದರು. "ಅಂವ ಮೊದಲ ಹೊಡದಾ, ಇಂವ ಆಮ್ಯಾಲ ಹೊಡದಾ. ಅಷ್ಟ ಹೇಳು. ಕೇಳಿದ್ದಕ್ಕ ಉತ್ತರಾ ಕೊಡು. ಕೇಳಲಾರದ್ದು ನಿನ್ನ ಪರೀಕ್ಷಾದಾಗ ಬರಿ."

ವಿಚಾರಣೆ ಮಳೆಗಾಲದಲ್ಲಿ ನಡೆಯಿತು. ನಾನು ಕಟಕಟೆಯಲ್ಲಿ ನಿಂತಾಗ ಮಾವ ನೆಲ ನೋಡುತ್ತಿದ್ದ. ಅತ್ತೆ ಹೊರಗೆ ಪಡಸಾಲೆಯ ಕಲ್ಲಿನ ಮೇಲೆ, ಬಾಗಿಲಿಗೆ ಕಿವಿಗೊಟ್ಟು ಕೂತಿದ್ದಳು. ನಮ್ಮ ವಕೀಲರು ಕೇಳಿದ ಐದಾರು ಪ್ರಶ್ನೆಗೆ ಹೇಳಿಕೊಟ್ಟ ಹಾಗೆ ಉತ್ತರ ಕೊಟ್ಟೆ. ಆಮೇಲೆ ಸರಕಾರಿ ವಕೀಲರು ಎದ್ದರು. ಸಣ್ಣ ದನಿಯ, ಸಭ್ಯ ಮನುಷ್ಯ.

"ನಿಮ್ಮ ಮಾಮಾ ಏಟ ಬಿದ್ದ ಕೂಡ್ಲೇ ಹೊಡದ್ರೇನು?" ಎಂದು ಕೇಳಿದರು.

ಹೌದು ಎಂದರೆ ಮುಗಿಯುತ್ತಿತ್ತು. ನಾನು ಆ ಪ್ರಶ್ನೆಯಲ್ಲಿ ಒಂದು ಹಳ್ಳ ಕಂಡೆ. ಕೂಡಲೇ ಹೊಡೆದ ಎಂದರೆ ಮಾವ ಸಿಟ್ಟಿನ ಮನುಷ್ಯನೆಂದಾಗುತ್ತದೆ ಎನಿಸಿತು. ನನಗೆ ಗೊತ್ತಿದ್ದ ಕಾನೂನು ನಾಲಿಗೆಯ ತುದಿಗೆ ಬಂದಿತ್ತು.

"ಇಲ್ರಿ. ಮೊದಲ ಹಿಂದ ಸರಿದ್ರು. ಮೂರು ಹೆಜ್ಜಿ. ಗೆರಿ ದಾಟಿ ಹೊರಗ ಹೋದ್ರು" ಎಂದೆ.

ನಮ್ಮ ವಕೀಲರು ಎಲೆ ಅಗಿಯುವುದನ್ನು ನಿಲ್ಲಿಸಿದರು. ಸರಕಾರಿ ವಕೀಲರು ಕೈಯಲ್ಲಿದ್ದ ಕಾಗದ ಕೆಳಗಿಟ್ಟರು. ಅವರಿಗೂ ಇದು ಅನಿರೀಕ್ಷಿತ.

"ಹೊರಗ ಹೋದ್ರು. ಅಲ್ಲಿ ಅಂವನ ಬಡಿಗಿ ಮುಟ್ಟತಿತ್ತೇನು?"

"ಇಲ್ರಿ."

"ಅಂವ ಬೆನ್ನ ಹತ್ತಿದನೇನು?"

"ಇಲ್ರಿ. ರಾಶಿ ಹತ್ರನ ನಿಂತಿದ್ದಾ."

"ಅಂದ್ರ ನಿಮ್ಮ ಮಾಮಾ ಸುರಕ್ಷಿತ ಇದ್ರು. ಆಮ್ಯಾಲ ಕೋಲ ತಗೊಂಡ ತಾವ ಒಳಗ ಬಂದು, ಎರಡ ಸಲ ಹೊಡದ್ರು. ಹೌದಲ್ರಿ?"

ನಾನು ಏನೋ ವಿವರಿಸಲು ಹೋದೆ. ಹೌದು ಅಥವಾ ಇಲ್ಲ ಎಂದು ಹೇಳಿ ಎಂದು ನ್ಯಾಯಾಧೀಶರು ಅಂದರು. ಹೌದು ಎಂದೆ. ಸರಕಾರಿ ವಕೀಲರು ಥ್ಯಾಂಕ್ಸ್ ಎಂದು ಕೂತರು. ಇಡೀ ಮೊಕದ್ದಮೆಯಲ್ಲಿ ನನಗೆ ಥ್ಯಾಂಕ್ಸ್ ಹೇಳಿದವರು ಅವರೊಬ್ಬರೇ.

ಹಿಂದೆ ಸರಿಯುವುದು ಕಾನೂನಿನಲ್ಲಿ ಮನುಷ್ಯನನ್ನು ಉಳಿಸುತ್ತದೆ ಎಂದುಕೊಂಡಿದ್ದ ನಾನು ಅದರ ಇನ್ನೊಂದು ಬದಿಯನ್ನು ನೋಡಿರಲಿಲ್ಲ. ಸರಿದವನು ಸರಿದಲ್ಲೇ ಇರಬೇಕು. ಮರಳಿ ಬಂದರೆ ರಕ್ಷಣೆ ಮುಗಿದು ಹಲ್ಲೆ ಶುರುವಾಗುತ್ತದೆ. ಮಾವ ಸರಿಯದೆ ನಿಂತಲ್ಲೇ ಹೊಡೆದಿದ್ದ ಎಂದಾಗಿದ್ದರೆ ಅವನ ಹಕ್ಕು ಇನ್ನೂ ಜೀವಂತವಿತ್ತು ಎಂದು ಆಮೇಲೆ ವಕೀಲರು ಮೆಟ್ಟಿಲಿಳಿಯುತ್ತ ಹೇಳಿದರು. ಬೈಯಲಿಲ್ಲ. "ನಿಮ್ಮ ಮಾಮಾಗ ಕಾಯ್ದೆ ಗೊತ್ತಿದ್ದಿಲ್ಲ, ಖರೇ ಕಾಯ್ದೆ ಪ್ರಕಾರನ ಮಾತಾಡತಿದ್ದಾ. ನೀ ಕಲತಿ, ಕೆಡಿಸಿದಿ" ಎಂದಷ್ಟೇ ಅಂದರು.

ಕೋರ್ಟಿನಲ್ಲಿ ಮಾವನನ್ನು ಕೇಳಿದಾಗ ತಾನು ನಿಂತಲ್ಲಿಂದ ಕದಲಿಲ್ಲ ಎಂದೇ ಹೇಳಿದ. ತೀರ್ಪಿನಲ್ಲಿ ನ್ಯಾಯಾಧೀಶರು, ಆರೋಪಿಯ ಸ್ವಂತ ಅಳಿಯ, ವಿದ್ಯಾವಂತ, ಮಾವನ ವಿರುದ್ಧ ಸುಳ್ಳು ಹೇಳುವ ಕಾರಣವಿಲ್ಲದವನು, ಅವನ ಮಾತನ್ನು ನಂಬಬಹುದು ಎಂದರು. ಕಣವನ್ನು ಕಾಯುವ ಹಕ್ಕು ಆರೋಪಿಗಿತ್ತು, ಆದರೆ ಗೆರೆಯಾಚೆ ಸುರಕ್ಷಿತವಾಗಿದ್ದವನು ಮರಳಿ ಬಂದು, ಎದುರಿನವನ ಕೈಯಿಂದ ಬಡಿಗೆ ಹಾರಿದ ಮೇಲೂ ಹಾಕಿದ ಏಟು ಆ ಹಕ್ಕಿನೊಳಗೆ ಬರುವುದಿಲ್ಲ ಎಂದರು. ನಾಲ್ಕು ತಿಂಗಳು. ಮೇಲಿನ ಕೋರ್ಟಿಗೆ ಹೋಗೋಣ ಎಂದು ವಕೀಲರು ಹೇಳಿದರು. ಮಾವ ಬೇಡವೆಂದ. ಗೆರೆ ದಾಟಿದ ಎಂಬ ಮಾತನ್ನೇ ಅಲ್ಲಿಯೂ ಮತ್ತೆ ಓದುತ್ತಾರೆ ಎಂದನಂತೆ.

ನನ್ನ ಹೇಳಿಕೆಯ ನಕಲನ್ನು ಆಮೇಲೆ ತೆಗೆಸಿಕೊಂಡೆ. ನಾನು ಕನ್ನಡದಲ್ಲಿ ಹೇಳಿದ್ದನ್ನು ನ್ಯಾಯಾಧೀಶರು ಇಂಗ್ಲಿಷಿನಲ್ಲಿ ಬರೆಸಿದ್ದರು. ಅದರಲ್ಲಿ ಎರಡೋ ಮೂರೋ ಹೆಜ್ಜೆ ಎಂದಿದೆ. ಮೂರು ಎಂದೇ ಹೇಳಿದೆನೆಂದು ನನಗೆ ನೆನಪು.

ಮಾವ ಜೈಲಿನಲ್ಲಿದ್ದಾಗ ಹಿಂಗಾರಿ ಬಿತ್ತನೆ ಬಂತು. ಅತ್ತೆ ಹಗೇವಿನ ಬಾಯಿ ತೆಗೆಸಿದಳು. ಅವಳು ಗಂಡನ ಮಾತನ್ನು ನಂಬಬೇಕೋ, ಕೋರ್ಟು ನಂಬಿದ ಮಾತನ್ನೋ? ಆ ಬಗ್ಗೆ ನನ್ನನ್ನು ಏನೂ ಕೇಳಲಿಲ್ಲ. ಉಳಿದಿದ್ದ ಹನ್ನೆರಡು ಚೀಲ ಜೋಳವನ್ನು ಬಂಡಿಗೆ ಹೇರಿಸಿ ಮಠದ ದಾಸೋಹಕ್ಕೆ ಕಳಿಸಿದಳು. ಹುಲುಸು ಹೋದ ಕಾಳು ಒಂದು ಮನೆಯಲ್ಲಿ ಬಾಳದಿದ್ದರೂ ಹತ್ತು ಮಂದಿಯ ಬಾಯಲ್ಲಿ ಹೋದರೆ ದೋಷವಿಲ್ಲವಂತೆ. ಬೀಜಕ್ಕೆಂದು ಕಳ್ಳಕವಟಗಿಯಲ್ಲಿದ್ದ ತನ್ನ ಅಕ್ಕನ ಮನೆಯಿಂದ ಜೋಳ ತಂದಳು. ಆ ಚಳಿಗಾಲ ಅವರ ಮನೆಯಲ್ಲಿ ಸಜ್ಜೆಯ ರೊಟ್ಟಿ. ನನಗೆ ಸುದ್ದಿ ಬಂದಾಗ ಇದೊಂದು ಮೂಢತನ ಎಂದು ನಮ್ಮ ತಾಯಿಯ ಹತ್ತಿರ ಹೇಳಿದೆ. "ಮೂಢತನ ಅವರದ, ಮಾತು ಯಾರದು?" ಎಂದಳು ತಾಯಿ.

ಮಾವ ಬಿಡುಗಡೆಯಾದ ಬೆಳಿಗ್ಗೆ ನಾನು ಜೈಲಿನ ಬಾಗಿಲಿಗೆ ಹೋದೆ. ಅವನು ತೆಳ್ಳಗಾಗಿದ್ದ. ನನ್ನನ್ನು ನೋಡಿ ಮುಖ ತಿರುಗಿಸಲಿಲ್ಲ, ನಗಲೂ ಇಲ್ಲ. ಇಬ್ಬರೂ ಗಾಂಧಿ ಚೌಕದವರೆಗೆ ನಡೆದು ಒಂದು ಹೋಟೆಲಿನಲ್ಲಿ ಚಹಾ ತೆಗೆದುಕೊಂಡೆವು. ಅವನು ಕಪ್ಪಿನಿಂದ ಬಸಿಗೆ ಹುಯ್ದುಕೊಂಡು ಆರಿಸುತ್ತ, "ಖರೇ ಹೇಳು. ನಾ ಸರದಿದ್ನೇನು?" ಎಂದು ಕೇಳಿದ.

ಚೇಷ್ಟೆ ಅಂದುಕೊಂಡೆ. ಮುಖ ನೋಡಿದೆ, ಚೇಷ್ಟೆಯಲ್ಲ.

"ಒಳಗ ಕುಂತ ನಾಕ ತಿಂಗಳಾ ವಿಚಾರ ಮಾಡೇನಿ" ಎಂದ. "ಏಟ ಬಿತ್ತು. ಎದ್ದೆ. ಆಮ್ಯಾಲ ಕೋಲ ಕೈಯಾಗಿತ್ತು. ನಡುವ ಏನಾತು ಗೊತ್ತಾಗವಲ್ದು. ಕಾಲ ನೆನಪ ಇಟ್ಕೊಳ್ಳೂದಿಲ್ಲ ನೋಡು."

"ನನಗೂ ಗೊತ್ತಿಲ್ಲ ಮಾಮಾ" ಎಂದೆ.

"ಕೋರ್ಟಿನ್ಯಾಗ ಗೊತ್ತಿತ್ತಲ್ಲೋ" ಎಂದ. ಚಹಾ ಕುಡಿದು ಬಸಿ ಕೆಳಗಿಟ್ಟ. ಆಮೇಲೆ ಬಬಲೇಶ್ವರದ ಬಸ್ಸು ಹತ್ತುವವರೆಗೆ ಬರೀ ಎತ್ತಿನ ಮಾತಾಡಿದ.

ಎರಡು ತಿಂಗಳಿಗೆ ಮತ್ತೆ ಸುಗ್ಗಿ. ನಾನು ಹೋಗಬಾರದೆಂದುಕೊಂಡು ಹೋದೆ. ಕಳ್ಳಕವಟಗಿಯ ಬೀಜ ಚೆನ್ನಾಗಿಯೇ ಬಂದಿತ್ತು. ಹಿಂದಿನ ವರ್ಷಕ್ಕಿಂತ ಒಂದೆರಡು ಚೀಲ ಕಡಿಮೆ ಇರಬಹುದು ಎಂದು ಆಳು ಅಂದ. ಅದೇ ಕಣ, ಅದೇ ಜಾಗದಲ್ಲಿ ರಾಶಿ. ದಾಯಾದಿ ತನ್ನ ಹೊಲದಲ್ಲಿ ಒಂದು ಕೈ ಮಡಚಲಾರದೆ ಕೆಲಸ ಮಾಡುತ್ತಿದ್ದ. ಈ ಕಡೆ ನೋಡಲಿಲ್ಲ. ಮಾವ ಬೂದಿಯ ಗೆರೆ ಎಳೆದು, ಹೋದ ವರ್ಷದಂತೆಯೇ ರಾಶಿಯ ಆಚೆ ಬದಿಯಲ್ಲಿ ಕೊಳಗ ತೊಳೆಯುತ್ತ ನಿಂತಿದ್ದ. ನಾನು ಹಳೆಯ ರೂಢಿಯಂತೆ ಬೇವಿನ ಬೇರಿನ ಮೇಲೆ ಕೂತೆ. ಕೂತು ನೋಡಿದರೆ ಮಾವ ಸೊಂಟದ ಮೇಲೆ ಮಾತ್ರ ಕಾಣುತ್ತಿದ್ದ.

ಎದ್ದು, ಸ್ವಲ್ಪ ಆಚೆ ಈಚೆ ಸರಿದು ಕೂತೆ. ಬೇರು ಇರುವುದು ಒಂದೇ ಕಡೆ, ಕೂರುವ ಜಾಗ ಒಂದೇ. ಅಲ್ಲಿಂದ ರಾಶಿ ಅಡ್ಡ ಬರುತ್ತಿತ್ತು. ಮಾವನ ಕಾಲು, ಆ ಬದಿಯ ಗೆರೆ, ಏನೂ ಕಾಣುತ್ತಿರಲಿಲ್ಲ. ಹೋದ ವರ್ಷ ಎಂಟು ಕೊಳಗ ಅಳೆದಾಗಿತ್ತು. ಎಂಟು ಕೊಳಗಕ್ಕೆ ರಾಶಿ ಇಳಿಯುವುದಿಲ್ಲ. ಆದರೆ ಅವತ್ತು ಏಟು ಬಿದ್ದಾಗ ನಾನು ಎದ್ದು ನಿಂತಿದ್ದೆನೋ, ಕೂತೇ ಇದ್ದೆನೋ? ನಿಂತಿದ್ದರೆ ಕಂಡಿರಬಹುದು. ಎದ್ದು ನಿಂತ ನೆನಪಿಲ್ಲ. ಕೂತ ನೆನಪೂ ಇಲ್ಲ. ನೆನಪಿದ್ದದ್ದು ಮಾವನ ಪಾದ ಮಾತ್ರ, ಅದು ಹಿಂದೆ ಹಿಂದೆ ಸರಿಯುವುದು, ಮತ್ತು ಈಗ ಯೋಚಿಸಿದರೆ ಆ ನೆಲ ಕಣದ ಸಗಣಿ ಸಾರಿಸಿದ ನೆಲದಂತಿರದೆ ಹಲಗೆಯಂತೆ ಇತ್ತು, ಧಾರವಾಡದ ತರಗತಿಯ ವೇದಿಕೆಯಂತೆ.

ಅತ್ತೆ ಪೂಜೆಯ ತಟ್ಟೆ ಹಿಡಿದು ಬಂದವಳು ನಾನು ಎದ್ದು ಕೂತು ಮಾಡುತ್ತಿದ್ದುದನ್ನು ನೋಡಿದಳು.

"ಏನ ನಡಿಸಿ?" ಎಂದಳು.

ಸುಳ್ಳು ಹೇಳಬಹುದಿತ್ತು. "ಇಲ್ಲಿಂದ ಮಾಮಾನ ಕಾಲ ಕಾಣಂಗಿಲ್ಲ ಅತ್ತಿ" ಎಂದೆ.

ಅವಳು ತಟ್ಟೆಯನ್ನು ನನ್ನ ಕೈಗೆ ಕೊಟ್ಟಳು. ಸೆರಗು ಸಿಗಿಸಿಕೊಂಡು ಬೇವಿನ ಬೇರಿನ ಮೇಲೆ, ನಾನು ಕೂತಿದ್ದಲ್ಲೇ ಕೂತಳು. ಕುತ್ತಿಗೆ ಉದ್ದ ಮಾಡಿ ನೋಡಿದಳು. "ಏನ್ರಿ, ಸ್ವಲ್ಪ ಹಿಂದ ಸರೀರಿ" ಎಂದು ಮಾವನನ್ನು ಕೂಗಿದಳು.

"ಯಾಕ?"

"ಸರೀರಿ ಅಂದ್ನೆಲ್ಲಾ."

ಪೂಜೆ ಇನ್ನೂ ಆಗಿರಲಿಲ್ಲವಾದ್ದರಿಂದ ಮಾವನಿಗೆ ಮಾತಾಡಲು, ಸರಿಯಲು ತಡೆಯಿರಲಿಲ್ಲ. ನಾಚಿಕೊಂಡವನಂತೆ ಒಂದು ಹೆಜ್ಜೆ ಸರಿದ.

"ಸರದ್ರೇನು?"

"ಸರದ್ನಿ."

"ಮತ್ತೊಂದು."

ಅವನು ಸರಿದ. ತಲೆ ಭುಜ ಸ್ವಲ್ಪ ಅಲುಗಿದ್ದು ಬಿಟ್ಟರೆ ನಮಗೆ ಏನೂ ಗೊತ್ತಾಗಲಿಲ್ಲ. ಅವನು ಗೆರೆಯ ಒಳಗಿದ್ದನೋ ಹೊರಗಿದ್ದನೋ ಇಬ್ಬರಿಗೂ ತಿಳಿಯಲಿಲ್ಲ. ಅತ್ತೆ ಮೂರನೆಯದನ್ನು ಕೇಳಲಿಲ್ಲ. ಎದ್ದು ಸೀರೆಯ ಹಿಂಬದಿ ಝಾಡಿಸಿಕೊಂಡಳು.

"ಹನ್ನೆರಡ ಚೀಲಾ" ಎಂದಳು. ನನಗೆ ಹೇಳಿದ್ದೋ ತನಗೆ ಹೇಳಿಕೊಂಡದ್ದೋ. ಆಮೇಲೆ ನನ್ನ ಕೈಯಿಂದ ತಟ್ಟೆ ತೆಗೆದುಕೊಂಡು, "ನೀ ಈ ಸಲಾ ಅಲ್ಲಿ ಹೋಗಿ ಕೂಡು ಯಪ್ಪಾ. ಕಾಲ ಕಾಣೂ ಕಡೆ" ಎಂದಳು.

ನಾನು ಹೋಗಿ ರಾಶಿಯ ಆ ಬದಿ, ಬಿಸಿಲಿನಲ್ಲಿ, ಗೆರೆಯಿಂದ ನಾಲ್ಕು ಮಾರು ದೂರದಲ್ಲಿ ಕೂತೆ. ಪುಸ್ತಕ ತಂದಿರಲಿಲ್ಲ. ಪೂಜೆ ಮುಗಿಯಿತು. ಮಾವ ಒಳಗೆ ಹೋಗಿ ಕೂತು, ಒಮ್ಮೆ ನನ್ನ ಕಡೆ ನೋಡಿ, "ಲಾಭ" ಎಂದು ಮೊದಲ ಕೊಳಗ ತುಂಬಿದ. ಮುಂದೆ ಅವನು ಎಣಿಸಿದ, ಆಳು ಚೀಲ ಹಿಡಿದ, ಅತ್ತೆ ಬೇವಿನ ಕೆಳಗೆ ನಿಂತಿದ್ದಳು. ನಾನು ಬಿಸಿಲು ಇಳಿಯುವವರೆಗೆ ಅವನ ಪಾದಗಳನ್ನು ನೋಡಿದೆ. ಬಲಗಾಲಿನ ಹಿಮ್ಮಡಿಯಲ್ಲಿ ಎರಡು ಸೀಳು ಇದ್ದವು. ಒಮ್ಮೆ ಒಂದು ಇರುವೆ ಹತ್ತಿ ಇಳಿಯಿತು. ಪಾದ ಕದಲಲಿಲ್ಲ.

ಇಷ್ಟನ್ನು ಅವತ್ತೇ ಸಂಜೆ, ಮರೆಯುವ ಮೊದಲು, ಒಂದು ಚೀಟಿಯಲ್ಲಿ ಬರೆದು ತಾರೀಖು ಹಾಕಿ ಅತ್ತೆಯ ಕೈಗೆ ಕೊಟ್ಟೆ. ಅವಳಿಗೆ ಓದು ಬರುತ್ತಿರಲಿಲ್ಲ. ಅದನ್ನು ಮಡಚಿಟ್ಟುಕೊಂಡು, ಹಗೇವಿಗೆ ಕಾಳು ಸುರಿಯುವಾಗ ಕಾಳಿನ ಜೊತೆಗೆ ಒಳಗೆ ಹಾಕಿದಳು.